ಶೇ. 60ರ ಮರೆಯಲ್ಲಿ ಉಳಿದ ಹದಿನಾಲ್ಕು ಮಕ್ಕಳು: ದಾವಣಗೆರೆಯ ಪಿಯು ಕಾಲೇಜೊಂದರ ಪ್ರಕರಣ ಅಧ್ಯಯನ

ಜನವರಿ ತಿಂಗಳು. ದ್ವಿತೀಯ ಪಿಯು ಪೂರ್ವಸಿದ್ಧತಾ ಪರೀಕ್ಷೆಗೆ ಇನ್ನು ಹತ್ತು ದಿನ ಇರುವಾಗ, ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದ ರೈತರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಂದವರೇ ಮೊಬೈಲನ್ನು ನನ್ನ ಮುಂದೆ ಹಿಡಿದರು. ‘ದಾವಣಗೆರೆಯ ಶೇ. 60 ಪಿಯು ವಿದ್ಯಾರ್ಥಿಗಳಿಗೆ ಖಿನ್ನತೆ’ ಎಂಬ ಸಾಲು ಅದರಲ್ಲಿತ್ತು. ಕೆಳಗೆ ನಮ್ಮ ಕಾಲೇಜಿನ ಹೆಸರಿತ್ತು. “ಅರವತ್ತು ಪರ್ಸೆಂಟ್ ಅಂತ ಹಾಕ್ಯಾರಲ್ರಿ ಮೇಡಂ, ನಮ್ಮ ಹುಡುಗಿ ಅದ್ರಾಗ ಅದಾಳೇನ್ರಿ?” ಎಂದು ಅವರು ಕೇಳಿದರು. ಸಮೀಕ್ಷೆ ಮಾಡಿದವರಾಗಲಿ, ಅದನ್ನು ಸುದ್ದಿ ಮಾಡಿದವರಾಗಲಿ, ಪ್ರಾಂಶುಪಾಲರಾಗಲಿ, ಅಲ್ಲಿಯೇ ಸಂಖ್ಯಾಶಾಸ್ತ್ರ ಕಲಿಸುವ ನಾನಾಗಲಿ, ಆ ಪ್ರಶ್ನೆಗೆ ಉತ್ತರ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ತಂದೆಯೊಬ್ಬರು ಕೇಳಬಹುದಾದ ಅತ್ಯಂತ ನ್ಯಾಯವಾದ ಪ್ರಶ್ನೆಗೆ ಉತ್ತರ ಕೊಡಲಾರದ ಒಂದು ಸಂಖ್ಯೆ ಊರೆಲ್ಲ ಹೇಗೆ ಓಡಾಡಿತು, ಅದರಿಂದ ಏನು ಕೆಟ್ಟಿತು, ಮತ್ತೆ ಏನನ್ನು ಸರಿಪಡಿಸಲು ಸಾಧ್ಯವಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಬೇಕು. ಇಲ್ಲಿ ಬರುವ ಕಾಲೇಜು ನಿಜವಾಗಿ ಒಂದೇ ಕಾಲೇಜಲ್ಲ. ಮಕ್ಕಳ ಗುರುತು ಸಿಗಬಾರದೆಂದು ಹಲವು ಸಂದರ್ಭಗಳನ್ನು ಒಂದಾಗಿ ಹೆಣೆದಿದ್ದೇನೆ. ಕಾಲೇಜಿನ ಅಂಕಿಗಳನ್ನು ಲೆಕ್ಕ ತಿಳಿಯಾಗುವಂತೆ ನಾನೇ ಹೊಂದಿಸಿ ಇಟ್ಟಿದ್ದೇನೆ. ಅವುಗಳನ್ನು ಯಾವುದೇ ಸಮೀಕ್ಷೆಯ ಫಲಿತಾಂಶವೆಂದು ಯಾರೂ ಎತ್ತಿ ಹೇಳಬಾರದು. ರಾಷ್ಟ್ರೀಯ ವರದಿಗಳ ಮತ್ತು ಪ್ರಕಟಿತ ಸಂಶೋಧನೆಗಳ ಅಂಕಿಗಳು ಮಾತ್ರ ಇದ್ದ ಹಾಗೆಯೇ ಇವೆ.

ಸಮೀಕ್ಷೆ ನಡೆದ ಬಗೆ

ದಾವಣಗೆರೆ ಓದಲು ಬರುವವರ ಊರು. ಹತ್ತಿ ಗಿರಣಿಗಳ ಕಾಲ ಮುಗಿದ ಮೇಲೆ ಈ ಊರಿನ ಬೀದಿಗಳನ್ನು ತುಂಬಿರುವುದು ಕಾಲೇಜು, ಹಾಸ್ಟೆಲ್, ಟ್ಯೂಷನ್ ಬೋರ್ಡುಗಳು. ಜಗಳೂರು, ಚನ್ನಗಿರಿ, ಹೊನ್ನಾಳಿಗಳಿಂದಷ್ಟೇ ಅಲ್ಲ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಮೊಳಕಾಲ್ಮುರು ಕಡೆಯಿಂದಲೂ ಮಕ್ಕಳು ಹದಿನಾರನೆಯ ವಯಸ್ಸಿಗೆ ಮನೆ ಬಿಟ್ಟು ಇಲ್ಲಿಗೆ ಬಂದು ಸೇರುತ್ತಾರೆ. ನಮ್ಮ ದ್ವಿತೀಯ ಪಿಯುನಲ್ಲಿ 640 ಮಂದಿ ಇದ್ದರು. ಅವರಲ್ಲಿ ಮೂರನೆಯ ಒಂದು ಪಾಲು ಹಾಸ್ಟೆಲಿನವರು.

ವಿದ್ಯಾರ್ಥಿಯೊಬ್ಬ ವರ್ಷದ ನಡುವೆ ಯಾರಿಗೂ ಹೇಳದೆ ಓದು ಬಿಟ್ಟು ಊರಿಗೆ ಹೋದದ್ದರಿಂದ ನೊಂದಿದ್ದ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು, ಉಳಿದ ಮಕ್ಕಳ ಮನಸ್ಸಿನ ಸ್ಥಿತಿ ಹೇಗಿದೆಯೆಂದು ತಿಳಿಯುವ ಕಾಳಜಿಯಿಂದ ಈ ಕೆಲಸಕ್ಕೆ ಕೈ ಹಾಕಿದರು. ಅವರ ಉದ್ದೇಶದಲ್ಲಿ ಯಾವ ದೋಷವೂ ಇರಲಿಲ್ಲವೆಂದು ನಾನು ಇಂದಿಗೂ ನಂಬುತ್ತೇನೆ. ಅವರು ಆರಿಸಿಕೊಂಡದ್ದು ಖಿನ್ನತೆಯ ಲಕ್ಷಣಗಳನ್ನು ಅಳೆಯುವ ‘ಪಿಎಚ್‌ಕ್ಯೂ-9’ ಎಂಬ ಪ್ರಶ್ನಾವಳಿಯನ್ನು. 2001ರಲ್ಲಿ ಪ್ರಕಟವಾಗಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಈ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ರೆ, ಸುಸ್ತು, ಹಸಿವು, ತನ್ನ ಬಗ್ಗೆ ತನಗೇ ಕೀಳುಭಾವನೆ, ಗಮನ ನಿಲ್ಲದಿರುವುದು, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಕೊನೆಯದಾಗಿ ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲೆಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ. ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ ಎಂದರೆ 0, ‘ಕೆಲವು ದಿನ’ ಎಂದರೆ 1, ‘ಅರ್ಧಕ್ಕಿಂತ ಹೆಚ್ಚು ದಿನ’ ಎಂದರೆ 2, ‘ಬಹುತೇಕ ಪ್ರತಿದಿನ’ ಎಂದರೆ 3 ಅಂಕ, ಒಟ್ಟು 27. ಇದರಲ್ಲಿ 5, 10, 15, 20 ಎಂಬ ನಾಲ್ಕು ಮೈಲಿಗಲ್ಲುಗಳಿದ್ದು, 5ರಿಂದ 9ರವರೆಗಿನದು ಸೌಮ್ಯ ಲಕ್ಷಣ ಎನಿಸಿಕೊಳ್ಳುತ್ತದೆ. ಮುಂದಿನ ವಿಚಾರಣೆಗೆ ಸಾಮಾನ್ಯವಾಗಿ 10ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಒಂಬತ್ತು ಪ್ರಶ್ನೆಗಳ ಬಳಿಕ, ಈ ತೊಂದರೆಗಳಿಂದ ನಿಮ್ಮ ಕೆಲಸಕ್ಕೆ, ಮನೆಗೆ, ಜನರೊಂದಿಗಿನ ಒಡನಾಟಕ್ಕೆ ಎಷ್ಟು ಅಡ್ಡಿಯಾಗಿದೆ ಎಂದು ಕೇಳುವ ಅಂಕವಿಲ್ಲದ ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ಗೂಗಲ್ ಫಾರ್ಮಿನಲ್ಲಿ ಅದನ್ನು ಬಿಡಲಾಗಿತ್ತು.

ಫಾರ್ಮನ್ನು ತರಗತಿಯ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಲಾಯಿತು. ಹೆಸರು ಕೇಳಿರಲಿಲ್ಲ. ನಾನೂ ಆ ಗುಂಪಿನಲ್ಲಿದ್ದು ಅದನ್ನು ನೋಡಿದ್ದೆ. ಮಾತಾಡಬೇಕಾದ ಹೊತ್ತಿನಲ್ಲಿ ಮಾತಾಡಲಿಲ್ಲವೆಂಬ ನೋವು ನನಗಿದೆ. ನಾಲ್ಕು ದಿನಗಳಲ್ಲಿ 250 ಉತ್ತರಗಳು ಬಂದವು. ಅವುಗಳಲ್ಲಿ 150ರಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಅಂಕವಿತ್ತು. ಅಂದರೆ ಶೇ. 60.

ಸಹೋದ್ಯೋಗಿಯ ಮೊದಲ ಟಿಪ್ಪಣಿಯಲ್ಲಿ ಇದ್ದ ವಾಕ್ಯ ಹೀಗಿತ್ತು: ‘ಉತ್ತರಿಸಿದ 250 ವಿದ್ಯಾರ್ಥಿಗಳಲ್ಲಿ ಶೇ. 60 ಮಂದಿಯಲ್ಲಿ ಕನಿಷ್ಠ ಸೌಮ್ಯ ಪ್ರಮಾಣದ ಲಕ್ಷಣಗಳು ಕಂಡುಬಂದಿವೆ.’ ಈ ವಾಕ್ಯದಲ್ಲಿ ತಪ್ಪಿಲ್ಲ. ಅದು ಆಡಳಿತ ಮಂಡಳಿಯ ಗುಂಪಿಗೆ ಹೋಗುವಾಗ ‘ಕಾಲೇಜಿನ ಶೇ. 60 ವಿದ್ಯಾರ್ಥಿಗಳಲ್ಲಿ ಖಿನ್ನತೆಯ ಲಕ್ಷಣ’ ಎಂದಾಯಿತು. ಅಲ್ಲಿಂದ ಊರಿನ ಸುದ್ದಿ ಗುಂಪುಗಳಿಗೆ ಬೀಳುವಷ್ಟರಲ್ಲಿ ಜಗಳೂರಿನ ಆ ತಂದೆಯ ಮೊಬೈಲಿನಲ್ಲಿದ್ದ ಸಾಲಾಗಿತ್ತು. ಯಾರೂ ಹೊಸದಾಗಿ ಒಂದು ಸುಳ್ಳನ್ನೂ ಸೇರಿಸಲಿಲ್ಲ. ಒಬ್ಬೊಬ್ಬರೂ ಒಂದೊಂದು ಪದವನ್ನು ಬಿಟ್ಟರು. ‘ಉತ್ತರಿಸಿದ’ ಹೋಯಿತು, ‘ಸೌಮ್ಯ’ ಹೋಯಿತು, ‘ಲಕ್ಷಣ’ ಹೋಯಿತು. ಒಂದು ಕಾಲೇಜು ಇಡೀ ಊರಾಯಿತು.

ಅರವತ್ತನ್ನು ಬಿಚ್ಚಿ ನೋಡಿದಾಗ

ಪ್ರಾಂಶುಪಾಲರು ಹಾಳೆಗಳನ್ನು ನನ್ನ ಕೈಗೆ ಕೊಟ್ಟಾಗ ನಾನು ಮೊದಲು ಕೇಳಿದ್ದು ಉತ್ತರ ಕೊಡದ 390 ಮಂದಿ ಯಾರು ಎಂದು. ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಮನೆಯಿಂದ ದೂರ ಬಂದು, ಒಂದು ಕೋಣೆಯಲ್ಲಿ ನಾಲ್ವರಂತೆ ಇದ್ದು ಓದುತ್ತಿದ್ದ ಮಕ್ಕಳಲ್ಲಿ ಬಹುತೇಕ ಯಾರೂ ಈ ಫಾರ್ಮನ್ನು ನೋಡಿಯೇ ಇರಲಿಲ್ಲ. ಆ ತಂದೆಯ ಮಗಳೂ ಹಾಸ್ಟೆಲಿನವಳು. ಅವಳು ಅರವತ್ತರಲ್ಲಿಯೂ ಇರಲಿಲ್ಲ, ನಲವತ್ತರಲ್ಲಿಯೂ ಇರಲಿಲ್ಲ; ಅವಳನ್ನು ಯಾರೂ ಕೇಳಿಯೇ ಇರಲಿಲ್ಲ.

ಉತ್ತರಿಸಿದವರ ವಿಷಯದಲ್ಲಿಯೂ ನೇರವಾಗಿ ಏನನ್ನೂ ಹೇಳುವಂತಿಲ್ಲ. ಮನಸ್ಸಿಗೆ ಕಷ್ಟವಾಗಿರುವವರು ಹೇಳಿಕೊಳ್ಳಲು ಒಂದು ದಾರಿ ಸಿಕ್ಕಿತೆಂದು ಮುಂದೆ ಬಂದಿರಬಹುದು. ಅತಿಯಾಗಿ ಕುಗ್ಗಿದವರಿಗೆ ಫಾರ್ಮ್ ತೆರೆಯುವಷ್ಟು ಉತ್ಸಾಹವೂ ಇರದೆ ದೂರ ಉಳಿದಿರಬಹುದು. ಉತ್ತರಿಸದ 390 ಮಂದಿಯಲ್ಲಿ ಒಬ್ಬರಿಗೂ ಲಕ್ಷಣವಿರಲಿಲ್ಲವೆಂದು ಇಟ್ಟುಕೊಂಡರೆ ಇಡೀ ತರಗತಿಯ ಪ್ರಮಾಣ ಶೇ. 23ಕ್ಕೆ ಇಳಿಯುತ್ತದೆ. ಎಲ್ಲರಿಗೂ ಇತ್ತೆಂದುಕೊಂಡರೆ ಶೇ. 84ಕ್ಕೆ ಏರುತ್ತದೆ. ಸಮೀಕ್ಷೆ ನಿಜವಾಗಿ ಹೇಳಬಹುದಾಗಿದ್ದದ್ದು ಇಷ್ಟೇ: ಉತ್ತರ 23ಕ್ಕೂ 84ಕ್ಕೂ ನಡುವೆ ಎಲ್ಲಿಯೋ ಇದೆ. ಇದನ್ನು ಸಭೆಯಲ್ಲಿ ಹೇಳಿದಾಗ ಸದಸ್ಯರೊಬ್ಬರು, “ಹಂಗಾದ್ರ ಮೇಡಂ, ಏನೂ ಗೊತ್ತಿಲ್ಲ ಅಂದಂಗಾತು” ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

ಇನ್ನು ಆ 5 ಅಂಕದ ವಿಷಯ. ಪರೀಕ್ಷೆಯ ಮುಂಚಿನ ಜನವರಿಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬಳ ದಿನಚರಿಯನ್ನು ಗಮನಿಸಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಆರು ಗಂಟೆಯ ವಿಶೇಷ ತರಗತಿಗೆ ಬಂದು, ಸಂಜೆ ಟ್ಯೂಷನ್ ಮುಗಿಸಿ, ರಾತ್ರಿ ಹನ್ನೊಂದರವರೆಗೆ ಓದುವ ಹುಡುಗಿ ನಿದ್ರೆಯ ಪ್ರಶ್ನೆಗೆ ‘ಕೆಲವು ದಿನ’ ಎನ್ನುತ್ತಾಳೆ, 1 ಅಂಕ. ಸುಸ್ತು ‘ಅರ್ಧಕ್ಕಿಂತ ಹೆಚ್ಚು ದಿನ’, 2 ಅಂಕ. ಅವಸರದಲ್ಲಿ ತಿಂಡಿ ಬಿಡುವುದರಿಂದ ಹಸಿವಿಗೆ 1, ಗಮನ ನಿಲ್ಲುವುದಿಲ್ಲವೆಂದು 1. ಒಟ್ಟು 5. ಅವಳು ಗೆಳತಿಯರೊಡನೆ ನಗುತ್ತಾಳೆ, ಪರೀಕ್ಷೆ ಮುಗಿದ ಮೇಲೆ ಹೋಗಬೇಕಾದ ಮದುವೆಯ ಸೀರೆಯ ಬಗ್ಗೆ ಮಾತಾಡುತ್ತಾಳೆ. ಆದರೂ ಸುದ್ದಿಯ ಪ್ರಕಾರ ಅವಳು ಖಿನ್ನತೆಯ ರೋಗಿ. ಈ ಲಕ್ಷಣಗಳಿಗೆ ದೇಹದ ಕಾರಣಗಳೂ ಇರುತ್ತವೆ ಎಂಬುದನ್ನು ಮರೆಯಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆ ಇರುವ ಹುಡುಗಿಗೂ ಸುಸ್ತಾಗುತ್ತದೆ, ಅವಳ ಗಮನವೂ ನಿಲ್ಲುವುದಿಲ್ಲ. ಪ್ರಶ್ನಾವಳಿ ಇವೆರಡರ ವ್ಯತ್ಯಾಸವನ್ನು ಗುರುತಿಸಲಾರದು. ಎದುರಿಗೆ ಕೂತು ಮಾತಾಡಿಸುವ ವೈದ್ಯರು ಗುರುತಿಸಬಲ್ಲರು.

ಭಾಷೆಯ ತೊಡಕು ನನಗೆ ತಡವಾಗಿ ಹೊಳೆಯಿತು. ಎರಡನೆಯ ಪ್ರಶ್ನೆಯನ್ನು ಮಕ್ಕಳಿಗೆ ತಿಳಿಯುವಂತೆ ಕೇಳಬೇಕೆಂದು ಸಹೋದ್ಯೋಗಿ ‘ನಿಮಗೆ ಬೇಜಾರಾಗಿದೆಯೇ?’ ಎಂದು ಬರೆದಿದ್ದರು. ನಮ್ಮ ಕಡೆ ಬೇಜಾರು ಎಂಬ ಪದ ಎಷ್ಟು ಹೊರೆ ಹೊರುತ್ತದೆಂದು ಇಲ್ಲಿಯವರಿಗೆ ಗೊತ್ತು. ಬಸ್ಸು ಬಾರದಿದ್ದರೂ ಬೇಜಾರು, ಪಾಠ ಉದ್ದವಾದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು. ಹದಿನೇಳು ವರ್ಷದವರನ್ನು ಎರಡು ವಾರಗಳಲ್ಲಿ ಬೇಜಾರಾಗಿತ್ತೇ ಎಂದು ಕೇಳಿದರೆ ಇಲ್ಲವೆನ್ನುವವರು ಅಪರೂಪ. ಅದಕ್ಕೆಂದು ‘ಖಿನ್ನತೆ’ ಎಂದೇ ಬರೆದರೂ ತೊಂದರೆ ತಪ್ಪುವುದಿಲ್ಲ. ಆ ಪದವನ್ನು ಪತ್ರಿಕೆಯಲ್ಲಿ ಮಾತ್ರ ನೋಡಿದ ಮಕ್ಕಳು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಮುಂದಕ್ಕೆ ಹೋಗುತ್ತಾರೆ. ಒಂದು ಪದದ ಆಯ್ಕೆಯಿಂದ ಶೇಕಡಾವಾರು ಏರಿಳಿಯುತ್ತದೆ. ಆದ್ದರಿಂದಲೇ ಅನುವಾದಿಸಿದ ಪ್ರಶ್ನಾವಳಿಯನ್ನು ಮೊದಲು ಆ ಭಾಷೆಯವರಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ಬಳಸಬೇಕಾಗುತ್ತದೆ.

10 ಅಂಕದ ಗಡಿಯನ್ನು ಇಟ್ಟುಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇ? 250 ಮಂದಿಯಲ್ಲಿ 95 ಮಂದಿ 5ರಿಂದ 9ರ ನಡುವೆ ಇದ್ದರು. 10ನ್ನು ದಾಟಿದವರು 55, ಅಂದರೆ ಶೇ. 22. ‘ಶೇ. 60 ತಪ್ಪು, ಶೇ. 22 ಸರಿ’ ಎಂದು ತಿದ್ದುಪಡಿ ಹೊರಡಿಸೋಣವೆಂದು ಪ್ರಾಂಶುಪಾಲರು ಹೇಳಿದಾಗ ನಾನು ಒಪ್ಪಲಿಲ್ಲ. ಕಾರಣವನ್ನು ನಮ್ಮೂರಿನ ಮಂಡಕ್ಕಿ ಭಟ್ಟಿಯ ಉದಾಹರಣೆಯಿಂದಲೇ ವಿವರಿಸಿದೆ. ಬಿಸಿ ಮರಳಿನಲ್ಲಿ ಹುರಿದ ಮಂಡಕ್ಕಿಯನ್ನು ಜರಡಿಗೆ ಹಾಕಿದಾಗ ಮರಳು ಕೆಳಗೆ ಬಿದ್ದು ಮಂಡಕ್ಕಿ ಮೇಲೆ ಉಳಿಯಬೇಕು. ಜರಡಿಯ ಕಣ್ಣು ತೀರಾ ಸಣ್ಣದಾದರೆ ಮರಳೂ ಮೇಲೆಯೇ ಉಳಿಯುತ್ತದೆ. ದೊಡ್ಡದಾದರೆ ಸಣ್ಣ ಮಂಡಕ್ಕಿಯೂ ಮರಳಿನೊಂದಿಗೆ ಹೋಗುತ್ತದೆ. ಎಷ್ಟೇ ಹದವಾದ ಕಣ್ಣಿದ್ದರೂ ಸ್ವಲ್ಪ ಮರಳು ಮೇಲೆ, ಸ್ವಲ್ಪ ಮಂಡಕ್ಕಿ ಕೆಳಗೆ ಇದ್ದೇ ಇರುತ್ತದೆ. ಪ್ರಶ್ನಾವಳಿಯೂ ಒಂದು ಜರಡಿ. ಅದರಲ್ಲಿ ಉಳಿದದ್ದನ್ನೆಲ್ಲ ಒಟ್ಟಿಗೆ ತೂಗಿ ಇಷ್ಟು ಮಂಡಕ್ಕಿ ಎಂದು ಮಾರುವಂತಿಲ್ಲ, ಕೈಯಿಂದ ಆರಿಸಬೇಕು.

ಈ ಮಾತನ್ನು ಲೆಕ್ಕದಲ್ಲಿಯೂ ತೋರಿಸಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, 10ರ ಗಡಿಯಲ್ಲಿ ಈ ಪ್ರಶ್ನಾವಳಿಯು ನಿಜವಾಗಿ ಖಿನ್ನತೆಯಿರುವ 100 ಮಂದಿಯಲ್ಲಿ 88 ಮಂದಿಯನ್ನು ಹಿಡಿಯುತ್ತದೆ. ಇಲ್ಲದಿರುವ 100 ಮಂದಿಯಲ್ಲಿ 85 ಮಂದಿಯನ್ನು ಸರಿಯಾಗಿ ಹೊರಗೆ ಬಿಡುತ್ತದೆ. ಸಾವಿರ ಮಂದಿಯಲ್ಲಿ ನಿಜವಾಗಿ 100 ಮಂದಿಗೆ ಖಿನ್ನತೆಯಿದೆಯೆಂದು ಇಟ್ಟುಕೊಳ್ಳೋಣ. ಅವರಲ್ಲಿ 88 ಮಂದಿ ಗಡಿ ದಾಟುತ್ತಾರೆ. ಉಳಿದ 900 ಮಂದಿಯಲ್ಲಿ ಶೇ. 15, ಅಂದರೆ 135 ಮಂದಿ ಕಾಯಿಲೆಯಿಲ್ಲದೆಯೇ ದಾಟುತ್ತಾರೆ. ಒಟ್ಟು 223. ನಿಜವಾದ ಶೇ. 10 ಇಲ್ಲಿ ಶೇ. 22 ಆಗಿ ಕಾಣುತ್ತದೆ, ಮತ್ತು ಗಡಿ ದಾಟಿದ ಐವರಲ್ಲಿ ಮೂವರಿಗೆ ಖಿನ್ನತೆ ಇರುವುದಿಲ್ಲ. ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಅದೇ ಸಂಶೋಧಕರ ತಂಡ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಪ್ರಶ್ನಾವಳಿಯ ಪ್ರಕಾರ ಶೇ. 24.6 ಇದ್ದ ಪ್ರಮಾಣ, ಅದೇ ಜನರನ್ನು ಕ್ರಮಬದ್ಧವಾಗಿ ಸಂದರ್ಶಿಸಿದಾಗ ಶೇ. 12.1 ಆಗಿತ್ತು. ಹದಿಹರೆಯದವರಿಗೆ 10ರ ಬದಲು 11 ಹೆಚ್ಚು ಹೊಂದುತ್ತದೆಂದು ಅಮೆರಿಕದ 2010ರ ಅಧ್ಯಯನವೊಂದು ಹೇಳಿದೆ. ಗಡಿ ಎಂಬುದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಯಾರಿಗೆ, ಯಾವ ಉದ್ದೇಶಕ್ಕೆ ಎಂಬುದರ ಮೇಲೆ ಬದಲಾಗುತ್ತದೆ.

ಮಕ್ಕಳಲ್ಲಿ ಖಿನ್ನತೆ ‘ಒಂದೇ ವರ್ಷದಲ್ಲಿ ಮೂರು ಪಟ್ಟು’ ಏರಿದೆ ಎಂದು ಸಭೆಯಲ್ಲಿ ಬಂದ ಮಾತೂ ಇದೇ ಗಡಿಯ ಗೊಂದಲದಿಂದ ಹುಟ್ಟಿತು. ಹಿಂದಿನ ವರ್ಷ ಬಿ.ಇಡಿ. ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ಕಿರು ಅಧ್ಯಯನಕ್ಕಾಗಿ ನಮ್ಮಲ್ಲಿಯೇ 200 ಮಂದಿಯನ್ನು ಕೇಳಿದ್ದರು. 40 ಮಂದಿ, ಅಂದರೆ ಶೇ. 20, ಗಡಿ ದಾಟಿದ್ದರು. ಆದರೆ ಅವರ ಗಡಿ 10, ನಮ್ಮದು 5. ಒಂದೇ ಗಡಿಯಲ್ಲಿ ಇಟ್ಟು ನೋಡಿದರೆ ಹಿಂದಿನ ವರ್ಷ 20, ಈ ವರ್ಷ 22. ಇಷ್ಟು ಚಿಕ್ಕ ಗುಂಪುಗಳಲ್ಲಿ ನಾಲ್ಕೈದು ಅಂಶ ಆಚೀಚೆಯಾಗುವುದು ಕಾಕತಾಳೀಯವಾಗಿಯೇ ನಡೆಯುತ್ತದೆ. ಇಲ್ಲದ ಏರಿಕೆಗೆ ಕಾರಣ ಹುಡುಕುತ್ತಾ ಸಭೆ ಒಂದು ಗಂಟೆ ಮೊಬೈಲ್ ಫೋನನ್ನು ದೂರಿತು.

ಸಭೆಗೆ ಬಂದ ಬೇರೆ ಅಂಕಿಗಳು

ಪ್ರತಿಯೊಬ್ಬರೂ ಒಂದೊಂದು ಅಂಕಿ ಹಿಡಿದು ಬಂದಿದ್ದರು. ಭಯಪಟ್ಟವರು ಭಯ ಹೆಚ್ಚಿಸುವ ಅಂಕಿಯನ್ನು, ಭಯ ಬೇಡವೆನ್ನುವವರು ಸಮಾಧಾನ ಕೊಡುವ ಅಂಕಿಯನ್ನು ತಂದಿದ್ದರು.

ಸಮಾಧಾನದ ಅಂಕಿ ಶೇ. 7.3. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಮಾನಸಿಕ ಕಾಯಿಲೆಗಳ ಪ್ರಮಾಣ ಇಷ್ಟಿತ್ತು. “ದೇಶದಾಗ ಏಳು, ನಮ್ಮಲ್ಲಿ ಅರವತ್ತು ಹೆಂಗಾಗ್ತದ? ಹುಡುಗ್ರು ಆಟಕ್ಕ ಟಿಕ್ ಹಾಕ್ಯಾರ” ಎಂಬುದು ಒಬ್ಬರ ತೀರ್ಮಾನ. ಆದರೆ ಆ ಸಮೀಕ್ಷೆಯಲ್ಲಿ ತರಬೇತಿ ಪಡೆದವರು ಎದುರಿಗೆ ಕೂತು, ರೋಗನಿರ್ಣಯದ ಮಾನದಂಡಗಳಿಗೆ ಹೊಂದುವ ಪ್ರಶ್ನೆಗಳನ್ನು ಕೇಳಿದ್ದರು. ಅದರಲ್ಲಿ ಖಿನ್ನತೆಯ ಜೊತೆಗೆ ಬೇರೆ ಕಾಯಿಲೆಗಳೂ ಸೇರಿದ್ದವು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದೇ ಸಮೀಕ್ಷೆಯಲ್ಲಿ ಮಹಾನಗರಗಳ ಹದಿಹರೆಯದವರ ಪ್ರಮಾಣ ಶೇ. 13.5, ಹಳ್ಳಿಗಳದು ಶೇ. 6.9. ನಮ್ಮ ಶೇ. 60ನ್ನು ಶೇ. 7.3ರ ಪಕ್ಕದಲ್ಲಿಟ್ಟು ಒಂದನ್ನು ಸುಳ್ಳೆನ್ನುವುದು ಸೇರನ್ನು ಮೊಳದೊಂದಿಗೆ ಹೋಲಿಸಿದ ಹಾಗೆ.

ಭಯದ ಅಂಕಿಗಳು ಪ್ರೇರಣಾ ಉಪನ್ಯಾಸಕ್ಕೆ ಬಂದ ಅತಿಥಿಯ ಮಾತಿನಲ್ಲಿದ್ದವು. ‘ಭಾರತದ ಏಳರಲ್ಲಿ ಒಬ್ಬ ಯುವಕನಿಗೆ ಮಾನಸಿಕ ರೋಗ’ ಎಂದರು. ಯುನಿಸೆಫ್‌ನ 2021ರ ವರದಿಯಲ್ಲಿರುವುದು, ಭಾರತದ 15ರಿಂದ 24 ವರ್ಷದವರಲ್ಲಿ ಶೇ. 14 ಮಂದಿ ತಮಗೆ ಆಗಾಗ ಮನಸ್ಸು ಕುಗ್ಗುತ್ತದೆ ಅಥವಾ ಯಾವುದರಲ್ಲೂ ಆಸಕ್ತಿ ಇರುವುದಿಲ್ಲ ಎಂದು ಹೇಳಿಕೊಂಡರೆಂಬುದು. ಅದು ಭಾವನೆಯ ಮಾತು, ರೋಗನಿರ್ಣಯವಲ್ಲ. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ: ಮಾನಸಿಕ ತೊಂದರೆಗೆ ಇತರರ ನೆರವು ಪಡೆಯುವುದು ಒಳ್ಳೆಯದೆಂದ ಭಾರತದ ಯುವಜನರು ಶೇ. 41 ಮಾತ್ರ, ಸಮೀಕ್ಷೆ ನಡೆದ 21 ದೇಶಗಳ ಸರಾಸರಿ ಶೇ. 83. ನನ್ನನ್ನು ಕೇಳಿದರೆ ಆ ದಿನ ಮಕ್ಕಳ ಮುಂದೆ ಹೇಳಬೇಕಾಗಿದ್ದ ಅಂಕಿ ಇದೇ. ಅತಿಥಿ ಮುಂದುವರಿದು ‘ಜಗತ್ತಿನ ಅರ್ಧ ಮಕ್ಕಳಿಗೆ ಹದಿನಾಲ್ಕರೊಳಗೇ ಮಾನಸಿಕ ಕಾಯಿಲೆ’ ಎಂದರು. ಅಮೆರಿಕದ 2005ರ ಅಧ್ಯಯನ ಹೇಳಿದ್ದು ಇದರ ಇನ್ನೊಂದು ಮಗ್ಗುಲನ್ನು: ಜೀವನದಲ್ಲಿ ಯಾವಾಗಲಾದರೂ ಮಾನಸಿಕ ಕಾಯಿಲೆ ಕಂಡವರನ್ನು ತೆಗೆದುಕೊಂಡರೆ, ಅವರಲ್ಲಿ ಅರ್ಧದಷ್ಟು ಮಂದಿಗೆ ಅದು 14 ವರ್ಷದೊಳಗೆ ಶುರುವಾಗಿತ್ತು. ಕನ್ನಡಕ ಹಾಕಿಕೊಂಡವರಲ್ಲಿ ಅರ್ಧ ಮಂದಿ ಶಾಲೆಯಲ್ಲಿಯೇ ಹಾಕಿಕೊಂಡರೆಂದರೆ ಶಾಲೆಯ ಅರ್ಧ ಮಕ್ಕಳು ಕನ್ನಡಕದವರೆಂದು ಅರ್ಥವಲ್ಲ.

ಅತ್ಯಂತ ಅಪಾಯದ ತಪ್ಪು ಓದು ಆತ್ಮಹತ್ಯೆಯ ಅಂಕಿಯದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯ ಪ್ರಕಾರ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ, ಅಂದರೆ ಶೇ. 7.6, ವಿದ್ಯಾರ್ಥಿಗಳು. ಒಬ್ಬ ಪೋಷಕರು ಇದನ್ನು ‘ನೂರು ವಿದ್ಯಾರ್ಥಿಗಳಲ್ಲಿ ಏಳೆಂಟು ಮಂದಿ’ ಎಂದು ಓದಿಕೊಂಡು ನಿದ್ದೆಗೆಟ್ಟಿದ್ದರು. ಶಾಲಾ ದಾಖಲಾತಿ ಮತ್ತು ಉನ್ನತ ಶಿಕ್ಷಣದ ದಾಖಲಾತಿ ಸೇರಿದರೆ ದೇಶದಲ್ಲಿ ಸುಮಾರು 30 ಕೋಟಿ ವಿದ್ಯಾರ್ಥಿಗಳಿದ್ದಾರೆ. ಆ ಲೆಕ್ಕದಲ್ಲಿ ಪ್ರಮಾಣ ಲಕ್ಷಕ್ಕೆ ನಾಲ್ಕರಷ್ಟು. ಆದರೆ ‘ಇಡೀ ಜನಸಂಖ್ಯೆಯಲ್ಲಿ ಲಕ್ಷಕ್ಕೆ 12.4, ವಿದ್ಯಾರ್ಥಿಗಳಲ್ಲಿ ನಾಲ್ಕೇ’ ಎಂದು ಮೈಮರೆಯುವುದೂ ಅಷ್ಟೇ ದೊಡ್ಡ ತಪ್ಪು. ಆ 30 ಕೋಟಿಯಲ್ಲಿ ಬಹುಪಾಲು ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳು. ಅವರನ್ನು ಸೇರಿಸಿ ಭಾಗಿಸಿದಾಗ ಹದಿನೇಳು, ಹದಿನೆಂಟರ ವಯಸ್ಸಿನವರ ಅಪಾಯ ಕಣ್ಣಿಗೆ ಬೀಳದೆ ಹೋಗುತ್ತದೆ.

ಜಿಲ್ಲೆಯ ಅಂಕಿಯೂ ಬಂದಿತ್ತು. ಕೆಲವು ವರ್ಷಗಳ ಹಿಂದಿನದಕ್ಕೆ ಹೋಲಿಸಿದರೆ ದಾವಣಗೆರೆ ಜಿಲ್ಲೆಯಲ್ಲಿ ಆತ್ಮಹತ್ಯೆ ಪ್ರಕರಣಗಳು ಇಳಿದಿವೆ ಎಂದು ಸದಸ್ಯರೊಬ್ಬರು ಪಟ್ಟಿ ತೋರಿಸಿದರು. 1997ರಲ್ಲಿ ಜಿಲ್ಲೆಯಾದಾಗ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಸುಮಾರು ಮೂರು ಲಕ್ಷ ಜನರ ತಾಲ್ಲೂಕು ಹೊರಗೆ ಹೋದ ಮೇಲೆ ಜಿಲ್ಲೆಯ ಯಾವ ಎಣಿಕೆಯಾದರೂ ಇಳಿಯಲೇಬೇಕು. ಹಿಂದಿನ ವರ್ಷಗಳಿಂದ ಹರಪನಹಳ್ಳಿಯ ಲೆಕ್ಕವನ್ನು ತೆಗೆಯದೆ ಹೋಲಿಸುವಂತಿಲ್ಲ.

ತಪ್ಪು ಓದಿನ ಬೆಲೆ

ಶೇ. 60 ಎಂಬುದು ಎಲ್ಲರನ್ನೂ ಎಚ್ಚರಿಸಿತಲ್ಲ, ಸ್ವಲ್ಪ ಹೆಚ್ಚಾದರೆ ನಷ್ಟವೇನು ಎಂದು ಹಲವರು ಕೇಳಿದರು. ನಷ್ಟವಾಯಿತು. ಮೂವರು ಹುಡುಗಿಯರನ್ನು ಅವರ ಮನೆಯವರು ಹಾಸ್ಟೆಲಿನಿಂದ ಬಿಡಿಸಿಕೊಂಡು ಹೋದರು. ಊರಿನಿಂದ ಓಡಾಡುತ್ತೇನೆಂದರೂ ಪರೀಕ್ಷೆಯ ತಿಂಗಳಲ್ಲಿ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿಯೇ ಕಳೆಯಬೇಕಾಯಿತು. ಕಾಲೇಜಿನ ಆವರಣದಲ್ಲಿ ಮೊಬೈಲ್ ನಿಷೇಧವಾಯಿತು. ಎಲ್ಲ 640 ಮಂದಿಯನ್ನು ಸಭಾಂಗಣದಲ್ಲಿ ಕೂರಿಸಿ ಎರಡು ಗಂಟೆಯ ಪ್ರೇರಣಾ ಉಪನ್ಯಾಸ ಕೊಡಿಸಲಾಯಿತು. ನೂರರಲ್ಲಿ ಅರವತ್ತು ಮಂದಿಗೆ ಕಾಯಿಲೆಯೆಂದ ಮೇಲೆ ಒಬ್ಬೊಬ್ಬರನ್ನೇ ಮಾತಾಡಿಸುವ ಯೋಚನೆಯೇ ಯಾರಿಗೂ ಬರಲಿಲ್ಲ. ಅಷ್ಟು ಜನಕ್ಕೆ ಆಪ್ತಸಮಾಲೋಚಕರನ್ನು ಎಲ್ಲಿಂದ ತರುವುದು ಎಂಬಲ್ಲಿಗೆ ಮಾತು ನಿಂತಿತು.

ಹಾಳೆಗಳನ್ನು ತಿರುವುತ್ತಿದ್ದಾಗ ಒಂಬತ್ತನೆಯ ಪ್ರಶ್ನೆಯ ಕಾಲಂ ಕಣ್ಣಿಗೆ ಬಿತ್ತು. 250 ಮಂದಿಯಲ್ಲಿ 14 ಮಂದಿ ಸೊನ್ನೆಗಿಂತ ಹೆಚ್ಚಿನದನ್ನು ಗುರುತಿಸಿದ್ದರು. ಅವರಲ್ಲಿ ಇಬ್ಬರ ಒಟ್ಟು ಅಂಕ 10ಕ್ಕಿಂತ ಕಡಿಮೆ. ಈ ಪ್ರಶ್ನೆಗೆ ಹೌದೆಂದವರೆಲ್ಲರೂ ಕೂಡಲೇ ಅಪಾಯದಲ್ಲಿರುತ್ತಾರೆಂದು ಅಲ್ಲ. ಬದುಕು ಸಾಕೆನಿಸುವ ಹಾದುಹೋಗುವ ಯೋಚನೆಯಿಂದ ಹಿಡಿದು ಗಂಭೀರ ಸ್ಥಿತಿಯವರೆಗೆ ಎಲ್ಲವೂ ಅದರಲ್ಲಿ ಬರುತ್ತದೆ. ಯಾವುದು ಯಾವುದೆಂದು ತಿಳಿಯಲು ಅದೇ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಬೇಕು. ಆದರೆ ಫಾರ್ಮಿನಲ್ಲಿ ಹೆಸರಿರಲಿಲ್ಲ. ಹದಿನಾಲ್ಕು ಮಕ್ಕಳು ತಮಗಾಗುತ್ತಿರುವುದನ್ನು ಹೇಳಿಕೊಂಡು ಹದಿನೆಂಟು ದಿನ ಕಳೆದಿತ್ತು. ಆ ಹದಿನೆಂಟು ದಿನವೂ ನಾವು ಅರವತ್ತರ ಬಗ್ಗೆ ಮಾತಾಡುತ್ತಿದ್ದೆವು. ಆ ಸಂಜೆ ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ.

ಎರಡನೆಯ ಸುತ್ತು

ಮರುದಿನವೇ ಪ್ರತಿ ತರಗತಿಯಲ್ಲಿ, ಯಾರನ್ನೂ ಬೆರಳು ಮಾಡಿ ತೋರಿಸದೆ, ಕಷ್ಟವಾಗಿದ್ದರೆ ಯಾರ ಬಳಿ ಹೋಗಬಹುದೆಂದು ಹೇಳಿದೆವು. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಕನ್ನಡದಲ್ಲಿಯೇ ಮಾತಾಡಬಹುದಾದ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದಂತೆ ಬಿಟ್ಟೆವು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಸಂಪರ್ಕಿಸಿದೆವು. ಆಗ ನಮಗೆ ಪಕ್ಕದ ಜಿಲ್ಲೆಯಾಗಿದ್ದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದನ್ನು ನಮ್ಮ ಭಾಗದ ಶಿಕ್ಷಕರು ನೆನಪಿಡಬೇಕೆಂದು ನನ್ನ ಆಸೆ. ನೆರವು ನಮಗೆ ಅಷ್ಟು ದೂರದ ವಸ್ತುವಲ್ಲ.

ಪೋಷಕರ ಒಪ್ಪಿಗೆ ಪಡೆದು, ಮಕ್ಕಳಿಗೂ ವಿವರಿಸಿ, ಬೇಡವೆನ್ನುವ ಸ್ವಾತಂತ್ರ್ಯ ಕೊಟ್ಟು, ಈ ಬಾರಿ ತರಗತಿಯಲ್ಲಿಯೇ ಕಾಗದದ ಮೇಲೆ ಪ್ರಶ್ನಾವಳಿಯನ್ನು ತುಂಬಿಸಲಾಯಿತು. ಹಾಳೆಯ ಮೇಲೆ ಹೆಸರಿನ ಬದಲು ಸಂಖ್ಯೆ ಇತ್ತು. ಸಂಖ್ಯೆ ಯಾರದೆಂಬ ಪಟ್ಟಿ ಆಪ್ತಸಮಾಲೋಚಕಿಯೊಬ್ಬರ ಬಳಿ ಮಾತ್ರ ಇತ್ತು. ಹಾಳೆ ಕೈಗೆ ಬಂದ ಕೂಡಲೇ ಅವರು ಮೊದಲು ನೋಡಿದ್ದು ಒಂಬತ್ತನೆಯ ಉತ್ತರವನ್ನು. ಅಲ್ಲಿ ಗುರುತು ಹಾಕಿದವರೆಲ್ಲರನ್ನೂ ಮನೆಗೆ ಹೋಗುವ ಮುಂಚೆಯೇ ಮಾತಾಡಿಸಿದರು. 10 ದಾಟಿದವರನ್ನು ಎರಡು ವಾರಗಳಲ್ಲಿ, ಅಗತ್ಯ ಕಂಡವರನ್ನು ಮನೋವೈದ್ಯರ ಬಳಿಗೆ. ಅಂಕ ಕಡಿಮೆಯಿದ್ದರೂ ತರಗತಿ ಶಿಕ್ಷಕರಿಗೆ ಅನುಮಾನ ಬಂದವರನ್ನೂ ಕರೆದರು. ಈ ಸುತ್ತಿನಲ್ಲಿ ಎಷ್ಟು ಮಂದಿಗೆ ಖಿನ್ನತೆ ದೃಢವಾಯಿತೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಒಂದು ತಲೆಬರಹವಾಗುತ್ತದೆ.

ಜಗಳೂರಿನ ಆ ಹುಡುಗಿಯ ಅಂಕ 7. 10ರ ಗಡಿಯಿಂದ ನೋಡಿದರೂ, 11ರ ಗಡಿಯಿಂದ ನೋಡಿದರೂ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ದೀಪಾವಳಿಯ ನಂತರ ಅವಳು ಒಬ್ಬಳೇ ಊಟಕ್ಕೆ ಕೂರುತ್ತಿದ್ದಾಳೆಂದು ಹಾಸ್ಟೆಲಿನ ಅಡುಗೆಯಾಕೆ ಹೇಳಿದ್ದರಿಂದ ಮಾತಾಡಿಸಿದರು, ಮಾತಾಡಿಸಿದ್ದು ಒಳ್ಳೆಯದಾಯಿತು. ಅವಳ ಒಪ್ಪಿಗೆ ಕೇಳಿ, ಅವಳನ್ನೂ ಕೂರಿಸಿಕೊಂಡು ತಂದೆಗೆ ವಿಷಯ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮವ್ವಾ, ನನಗಾರ ಹೇಳಬಾರದೇನು” ಎಂದಷ್ಟೇ ಮಗಳಿಗೆ ಹೇಳಿದರು. ಅವಳು ಹಾಸ್ಟೆಲಿನಲ್ಲಿಯೇ ಉಳಿದಳು.

ಫೆಬ್ರವರಿಯಲ್ಲಿ ಇನ್ನೊಂದು ತಪ್ಪು ಓದು ಶುರುವಾಯಿತು. ಮೊದಲ ವಾರ ಆಪ್ತಸಮಾಲೋಚಕಿಯ ಕೋಣೆಗೆ ಮೂವರು ಹೋಗಿದ್ದರೆ ನಾಲ್ಕನೆಯ ವಾರ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೋದರು. ಆಪ್ತಸಮಾಲೋಚಕಿ ಬಂದ ಮೇಲೆಯೇ ಮಕ್ಕಳು ಹೆಚ್ಚು ಕುಗ್ಗಿದ್ದಾರೆಂದು ಸಭೆಯಲ್ಲಿ ಮಾತು ಬಂತು. ಹಳ್ಳಿಯಲ್ಲಿ ರಕ್ತದೊತ್ತಡ ತಪಾಸಣೆಯ ಶಿಬಿರ ನಡೆದ ತಿಂಗಳು ರೋಗಿಗಳ ಪಟ್ಟಿ ಉದ್ದವಾಗುತ್ತದೆ. ಶಿಬಿರದಿಂದ ಯಾರಿಗೂ ರಕ್ತದೊತ್ತಡ ಬರುವುದಿಲ್ಲ. ಈ ಬಾರಿ ನಾನು ಸುಮ್ಮನಿರಲಿಲ್ಲ. ಬಾಗಿಲು ತಟ್ಟಿದವರ ಸಂಖ್ಯೆ ಏರಿದ್ದು ನಮ್ಮ ಕೆಲಸ ಸರಿಯಾದ ದಾರಿಯಲ್ಲಿದೆ ಎಂಬುದಕ್ಕೆ ಗುರುತೆಂದು ವಾದಿಸಿ, ಆಪ್ತಸಮಾಲೋಚಕಿಯ ಅವಧಿಯನ್ನು ಪರೀಕ್ಷೆ ಮುಗಿಯುವವರೆಗೆ ಮುಂದುವರಿಸಿಕೊಂಡೆವು.

ಎರಡನೆಯ ಸುತ್ತಿನಲ್ಲಿ 588 ಮಕ್ಕಳು ಹಾಳೆ ತುಂಬಿದ್ದರು. ಒಂಬತ್ತನೆಯ ಪ್ರಶ್ನೆಗೆ ಗುರುತು ಹಾಕಿದವರು ಒಂಬತ್ತು ಮಂದಿ. ಮೊದಲ ಸಲ ಹೇಳಿಕೊಂಡ ಹದಿನಾಲ್ಕರಲ್ಲಿ ಉಳಿದವರ ಮನಸ್ಸು ಅಷ್ಟರಲ್ಲಿ ಹಗುರಾಗಿತ್ತೋ, ಹೆಸರು ತಿಳಿಯುತ್ತದೆಂದು ಈ ಬಾರಿ ಮುಚ್ಚಿಟ್ಟರೋ, ಅಥವಾ ಆ ದಿನ ಬಾರದ 52 ಮಕ್ಕಳಲ್ಲಿದ್ದರೋ, ಹಾಳೆಗಳು ಹೇಳುವುದಿಲ್ಲ. ಆ 52 ಮಂದಿಯ ಪಟ್ಟಿಯನ್ನು ತರಗತಿ ಶಿಕ್ಷಕರು ಹಂಚಿಕೊಂಡು ಒಬ್ಬೊಬ್ಬರ ಮನೆಗೂ ಫೋನ್ ಮಾಡಿದರು, ಫೋನ್ ಹೋಗದ ಊರುಗಳಿಗೆ ಭಾನುವಾರ ಬೈಕಿನಲ್ಲಿ ಹೋದರು. ಓದಿಗಾಗಿ ರಜೆ ಬಿಡುವ ದಿನ ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಗೆರೆ ಬೀಳದ ಹೆಸರುಗಳು ಮೂರು ಉಳಿದಿದ್ದವು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮತ್ತು ಆ ಕಿರಿಯ ಸಹೋದ್ಯೋಗಿ ಹೊಳಲ್ಕೆರೆ ಕಡೆಗೆ ಹೊರಟೆವು.